ಬಿಗಿಯಣ್ಣನ ಹನ್ನೆರಡನೆಯ ಗಾಡಿ

ಬಿಗಿಯಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಮತದಾರರ ಪಟ್ಟಿಯಲ್ಲಿ ಕ್ಷೇಮವಾಗಿದೆ, ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಹದಿನೇಳನೆಯ ವಯಸ್ಸಿನಿಂದ ಐವತ್ತೊಂಬತ್ತರವರೆಗೆ ಏನನ್ನಾದರೂ ಕಟ್ಟುತ್ತಲೇ ಬಂದವನು ಅವನು. ಕಟ್ಟಿ ಎರಡು ಹೆಜ್ಜೆ ಹಿಂದೆ ನಿಂತು "ಬಿಗಿ ಆಯ್ತಾ?" ಎಂದು ತನ್ನನ್ನೇ ಕೇಳಿಕೊಂಡು, ಮತ್ತೆ ಹೋಗಿ ಎಳೆದು ನೋಡುತ್ತಾನೆ. ಇಂಥವನನ್ನು ಜನ ಇನ್ನೇನೆಂದು ಕರೆಯಬೇಕು?

ಮೊದಲು ಕಟ್ಟಿದ್ದು ಲಾರಿಯ ಲೋಡು. ಪೈಪು, ಪೀಪಾಯಿ, ಗಾಜಿನ ಹಲಗೆ, ಒಮ್ಮೆ ಒಂದು ಪಿಯಾನೋ. ಲಾರಿ ಅಡ್ಡೆಯ ಹಳೇ ಮೇಸ್ತ್ರಿಯೊಬ್ಬ ಅವನಿಗೆ ಕಲಿಸಿದ್ದು ಒಂದೇ ಪಾಠ: ಗಂಟು ಹಾಕಿದವನು ಗಂಟನ್ನು ನಂಬಬಾರದು. ಉಳಿದವರು ಈ ಪಾಠವನ್ನು ಅಡ್ಡೆಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು, ಬಿಗಿಯಣ್ಣ ಮನೆಗೂ ತಂದ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದು ಬೀಗ ಜಗ್ಗುವುದು, ಗ್ಯಾಸ್ ಆರಿಸಿ ಮತ್ತೆ ಅಡುಗೆಮನೆಗೆ ಹೋಗಿ ಮೂಸುವುದು, ಮಗಳ ಶಾಲೆಯ ಚೀಲದ ಪಟ್ಟಿಯನ್ನು ಬಾಗಿಲಲ್ಲಿ ಒಮ್ಮೆ ಗೇಟಿನಲ್ಲಿ ಒಮ್ಮೆ ಎಳೆದು ನೋಡುವುದು. "ನಮ್ಮನೆ ಬೀಗಕ್ಕೆ ಕಳ್ಳರ ಕಾಟ ಇಲ್ಲ, ಇವರದ್ದೇ ಕಾಟ" ಎಂದು ಅವನ ಹೆಂಡತಿ ಇಂದಿಗೂ ಬಂದವರ ಮುಂದೆ ಹೇಳುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇವನ ಗುಣವನ್ನು ಸುಡುವ ಗೋಜಿಗೂ ಯಾರೂ ಹೋಗಲಿಲ್ಲ. ಏಕೆಂದರೆ ಅಷ್ಟು ವರ್ಷದಲ್ಲಿ ಅವನು ಕಟ್ಟಿದ ಒಂದೇ ಒಂದು ಲೋಡೂ ಜಾರಿರಲಿಲ್ಲ.

ಸೊಂಟ ಇನ್ನು ಲಾರಿ ಹತ್ತಲಾರೆ ಎಂದ ಮೇಲೆ, ಹನ್ನೊಂದು ವರ್ಷದ ಹಿಂದೆ, ಅವನು ಈ ಶೆಡ್ಡಿಗೆ ಬಂದ. ಇದು ಎಲ್ಲ ಗ್ಯಾರೇಜುಗಳಂಥ ಗ್ಯಾರೇಜಲ್ಲ. ಇಲ್ಲಿಗೆ ಕೆಟ್ಟ ಗಾಡಿ ಬರುವುದಿಲ್ಲ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ತಂದು, ಇದು ಸಾಲದು, ಇನ್ನೂ ಜೋರಾಗಬೇಕು ಎಂದು ಇಂಜಿನ್ ಬಿಚ್ಚಿಸುವವರು ಬರುತ್ತಾರೆ. ಶೆಡ್ಡಿನ ನಟ್ಟನಡುವೆ ನೆಲದಲ್ಲಿ ಹೂತಿಟ್ಟ ಉಕ್ಕಿನ ರೋಲರ್ ಇದೆ. ಗಾಡಿಯ ಹಿಂದಿನ ಚಕ್ರಗಳನ್ನು ಅದರ ಮೇಲೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರೆ ಚಕ್ರ ರೋಲರನ್ನು ತಿರುಗಿಸುತ್ತದೆ, ಗಾಡಿ ಮಾತ್ರ ನಿಂತಲ್ಲೇ ಇರುತ್ತದೆ. ಇಂಜಿನ್ನಿನಲ್ಲಿ ನಿಜಕ್ಕೂ ಎಷ್ಟು ಹಾರ್ಸ್‌ಪವರ್ ಇದೆ ಎಂಬುದು ಗೋಡೆಯ ಪರದೆಯ ಮೇಲೆ ಗೆರೆಯಾಗಿ ಏರುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಕಾರ್ ಕ್ಲಬ್ಬಿನವರೆಲ್ಲ ಸಾಲುಗಟ್ಟಿ ಬಂದು ತಮ್ಮ ತಮ್ಮ ಗಾಡಿಯ ಯೋಗ್ಯತೆ ಅಳೆಸಿಕೊಳ್ಳುತ್ತಾರೆ. ಇನ್ನೂರೈವತ್ತು ಎಂದು ಕೊಚ್ಚಿಕೊಂಡವನ ಗಾಡಿ ನೂರ ತೊಂಬತ್ತು ತೋರಿಸಿದರೆ, "ಉಳಿದ ಕುದುರೆ ಎಲ್ಲಿ ಸ್ವಾಮಿ, ಮೇಯೋಕೆ ಬಿಟ್ಟಿದ್ದೀರಾ?" ಎಂಬ ಮಾತು ಸಂಜೆಯವರೆಗೆ ಅವನ ಬೆನ್ನು ಬಿಡುವುದಿಲ್ಲ.

ನಿಂತಲ್ಲೇ ಇರುತ್ತದೆ ಎಂದೆನಲ್ಲ, ಅದು ತಾನಾಗಿ ನಿಲ್ಲುವುದಿಲ್ಲ. ನಾಲ್ಕು ಅಗಲ ಬೆಲ್ಟುಗಳು ಅದನ್ನು ನೆಲದ ಕಬ್ಬಿಣದ ಬಳೆಗಳಿಗೆ ಕಟ್ಟಿ ಹಿಡಿದಿರುತ್ತವೆ. ಚಕ್ರ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ತಿರುಗುವಾಗ ಹಿಂದಿನ ಬೆಲ್ಟು ಬಿಟ್ಟುಕೊಂಡರೆ ಗಾಡಿ ರೋಲರಿನಿಂದ ಹಾರಿ, ಇಂಜಿನ್ ತಂಪಿಗೆಂದು ಮುಂದಿಟ್ಟ ದೊಡ್ಡ ಫ್ಯಾನನ್ನು ಉರುಳಿಸಿ, ಗೋಡೆಗೆ ಹೋಗಿ ಬಡಿಯುತ್ತದೆ. ಆ ಬೆಲ್ಟು ಕಟ್ಟುವವನು ಬಿಗಿಯಣ್ಣ. ಗಾಡಿಯೊಳಗೆ ಕೂತು ಆಕ್ಸಿಲರೇಟರ್ ಒತ್ತುವವಳು ಅವನ ಮಗಳು.

ಅವಳನ್ನು ಅಲ್ಲಿ ಕೂರಿಸಿದ್ದು ಅವನಲ್ಲ. ಇಂಜಿನಿಯರಿಂಗ್ ಓದು ಮುಗಿಸಿ ಅವಳೇ ಬಂದು ಕೂತಳು. ಪರದೆಯ ಗೆರೆ ನೋಡಿ ಇಂಜಿನ್ನಿಗೆ ಎಲ್ಲಿ ಉಸಿರು ಕಟ್ಟುತ್ತಿದೆ ಎಂದು ಹೇಳುವುದರಲ್ಲಿ ಅವಳನ್ನು ಮೀರಿಸಿದವರು ಆ ಊರಲ್ಲಿಲ್ಲ. ಕ್ಲಬ್ಬಿನವರು ಅವಳನ್ನು ಇಂಜಿನಿಯರಮ್ಮ ಎನ್ನುತ್ತಾರೆ. ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ: ಸೀಟಿನಲ್ಲಿ ಕೂರುವವರು ಬೆಲ್ಟಿನ ತಂಟೆಗೆ ಹೋಗುವ ಹಾಗಿಲ್ಲ, ಬೆಲ್ಟಿನವನು ಸೀಟಿನ ತಂಟೆಗೆ ಹೋಗುವ ಹಾಗಿಲ್ಲ. ಇಬ್ಬರು ನೋಡುವ ಕೆಲಸವನ್ನು ಇಬ್ಬರೂ ನೋಡಿರುವುದಿಲ್ಲ ಎಂಬುದು ಓನರಿನ ವಾದ, ಅದು ಸುಳ್ಳೂ ಅಲ್ಲ. ಬಿಗಿಯಣ್ಣ ನಾಲ್ಕನೆಯ ಬೆಲ್ಟು ಬಿಗಿದು ಟಾಪಿನ ಮೇಲೆ ಎರಡು ಸಲ ತಟ್ಟುತ್ತಾನೆ, ಮಗಳು ಇಂಜಿನ್ ಶುರು ಮಾಡುತ್ತಾಳೆ. ಒಮ್ಮೆಯೂ ಅವಳು "ಸರಿಯಾಗಿದ್ಯಾ ಅಪ್ಪ?" ಎಂದು ಕೇಳಿದ್ದಿಲ್ಲ.

ಕೇಳಿದ್ದರೆ ಚೆನ್ನಾಗಿತ್ತು. ಏಕೆಂದರೆ ಎಂಟು ತಿಂಗಳಿಂದ ಬಿಗಿಯಣ್ಣನ ತಲೆಯಲ್ಲಿ ಏನೋ ಸರಿಯಿರಲಿಲ್ಲ, ಮತ್ತು ಅದು ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ. ಮೊದಲೂ ಅವನು ಎರಡೆರಡು ಸಲ ನೋಡುತ್ತಿದ್ದ. ಆದರೆ ಎರಡನೆಯ ಸಲ ಬೀಗ ಜಗ್ಗಿದ ಮೇಲೆ ಮನಸ್ಸಿಗೆ ಸಮಾಧಾನವಾಗಿ ಶಿಳ್ಳೆ ಹಾಕುತ್ತಾ ಹೋಗುತ್ತಿದ್ದ. ಈಗ ಬೀಗ ಜಗ್ಗಿ ತಿರುವಿನವರೆಗೆ ಬರುವಷ್ಟರಲ್ಲಿ, ಜಗ್ಗಿದ್ದೇ ಅಳಿಸಿಹೋಗಿರುತ್ತಿತ್ತು. ಅನುಮಾನವಲ್ಲ ಅದು. ಅನುಮಾನದ ಪರಿಚಯ ಅವನಿಗೆ ಚೆನ್ನಾಗಿತ್ತು, ಅದರೊಂದಿಗೆ ಅವನು ಸಂಸಾರ ಮಾಡಿದವನು. ಇದು ಖಾಲಿ. ಮನೆಯವರಿಗೆ ಗೊತ್ತಾಗಿಲ್ಲ ಅಂದುಕೊಂಡ. ಹೇಗೆ ಗೊತ್ತಾಗಬೇಕು? ಮೂರು ಸಲ ವಾಪಸು ಬರುವವನು ನಾಲ್ಕು ಸಲ ಬಂದರೆ ಹೆಂಡತಿ ನಗುತ್ತಾಳೆ, ಅಷ್ಟೆ.

ಶೆಡ್ಡಿನಲ್ಲಿ ಅವನು ಸೀಮೆಸುಣ್ಣ ಇಟ್ಟುಕೊಳ್ಳಲು ಶುರುಮಾಡಿದ. ಒಂದೊಂದು ಬೆಲ್ಟು ಬಿಗಿದಾಗಲೂ ನೆಲದ ಮೇಲೆ ಒಂದೊಂದು ಗೀಟು. ನಾಲ್ಕು ಗೀಟು ಕಂಡರೆ ಟಾಪು ತಟ್ಟುವುದು. ಓನರ್ ಕೇಳಿದ್ದಕ್ಕೆ "ಲೆಕ್ಕ ಅಚ್ಚುಕಟ್ಟಾಗಿರಲಿ ಅಂತ" ಎಂದಿದ್ದ. ಹೇಳಿಬಿಡಬೇಕು ಎಂದು ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಅಂದುಕೊಳ್ಳುತ್ತಿದ್ದ. ಹೇಳಿದರೆ ಬೆಲ್ಟು ಕೈಬಿಡುತ್ತದೆ. ಬೆಲ್ಟು ಬಿಟ್ಟರೆ ತಾನು ಯಾರು? ಮುಖ ತೊಳೆದು ಹೊರಡುತ್ತಿದ್ದ.

ಆ ಭಾನುವಾರ ಹದಿನೆಂಟು ಗಾಡಿ ಬಂದಿದ್ದವು. ಅಂಗಳದ ತುಂಬ ಬಾನೆಟ್ ಎತ್ತಿದ ಗಾಡಿಗಳು, ಒಬ್ಬರ ಇಂಜಿನ್ನಿನೊಳಗೆ ಇನ್ನೊಬ್ಬರು ತಲೆ ಹಾಕಿ ಸುಳ್ಳು ಹೇಳುವ ಸಂಭ್ರಮ. ಓನರ್ ಬಿಗಿಯಣ್ಣನನ್ನು ಬೆಳಗ್ಗೆಯೇ ಪಕ್ಕಕ್ಕೆ ಕರೆದ.

"ಬಿಗಿಯಣ್ಣ, ಹೋದ ಸಲ ಹದಿನಾಲ್ಕಕ್ಕೇ ಕತ್ತಲಾಯ್ತು. ನಾಲ್ಕು ಜನ ಅಳತೆ ಇಲ್ಲದೆ ಮನೆಗೆ ಹೋದ್ರು. ಕ್ಲಬ್ಬಿನೋರು ಬೇರೆ ಶೆಡ್ ನೋಡ್ತಿದಾರೆ ಅಂತ ಸುದ್ದಿ. ಇವತ್ತು ಸ್ವಲ್ಪ ಕೈ ಬೇಗ ಓಡ್ಲಿ."

"ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ ಸಾರ್."

"ಬುದ್ಧಿ ನಿಮಗೆ ಬೇಕಾದಷ್ಟಿದೆ. ನನಗೆ ಹದಿನೆಂಟು ಗಾಡಿ ಬೇಕು."

ಬಿಗಿಯಣ್ಣ ನಕ್ಕ. ಜೇಬಿನಲ್ಲಿ ಸೀಮೆಸುಣ್ಣ ಇದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡ.

ಮೊದಲ ಗಾಡಿ ಕ್ಲಬ್ಬಿನ ಅಧ್ಯಕ್ಷರದು. ವಾರವೆಲ್ಲ ಹಲ್ಲು ಕೀಳುವ ಡಾಕ್ಟರು ಅವರು. ಗಾಡಿಯ ಹಿಂದಿನ ಬಂಪರಿನಲ್ಲಿ ಹೊಸದೊಂದು ಕೆಂಪು ಕೊಂಡಿ ಹೊಳೆಯುತ್ತಿತ್ತು. ಕೆಟ್ಟು ನಿಂತ ಗಾಡಿಯನ್ನು ಎಳೆಯಲು ಇರುತ್ತದಲ್ಲ, ಆ ಥರದ್ದು. ಬೆಲ್ಟಿನ ಕೊಕ್ಕೆ ಹಾಕಲು ಹೇಳಿ ಮಾಡಿಸಿದ ಜಾಗ. ಬಿಗಿಯಣ್ಣ ಅಭ್ಯಾಸದಂತೆ ಅದನ್ನು ಹಿಡಿದು ಒಮ್ಮೆ ಜಗ್ಗಿದ. ಕೊಂಡಿ ಲಟಕ್ಕನೆ ಕೈಗೆ ಬಂತು. ಹಿಂದೆ ಬರೀ ಪ್ಲಾಸ್ಟಿಕ್ಕು, ಅಂಟು ಟೇಪು.

"ಡಾಕ್ಟ್ರೇ, ನಿಮ್ಮ ಗಾಡಿದು ಒಂದು ಹಲ್ಲು ಬಂತು. ನೋವಾಯ್ತಾ?"

ಶೆಡ್ಡೆಲ್ಲ ನಕ್ಕಿತು. ಡಾಕ್ಟರು ಕಿವಿ ಕೆಂಪು ಮಾಡಿಕೊಂಡು, "ಅದು ಚಂದಕ್ಕೆ ಬಿಗಿಯಣ್ಣ, ಈಗ ಎಲ್ಲರೂ ಹಾಕಿಸ್ತಿದಾರೆ" ಎಂದರು.

"ಕಿವಿಯೋಲೆ ಅನ್ನಿ. ಓಲೆ ಹಿಡಿದು ಹೋರಿ ಕಟ್ಟೋಕಾಗುತ್ತಾ?"

ಮತ್ತೆ ನಗು. ಬಿಗಿಯಣ್ಣ ಮಾತ್ರ ನಗಲಿಲ್ಲ. ಅಂಗಳದ ಕಡೆ ಕಣ್ಣು ಹಾಯಿಸಿದ. ಹದಿನೆಂಟರಲ್ಲಿ ಹತ್ತಕ್ಕಾದರೂ ಹಿಂದೆ ಅದೇ ಕೆಂಪು ಕೊಂಡಿ. ಕೆಲವು ನಿಜವಾದವು ಇರಬಹುದು, ಕೆಲವು ಅಂಟಿಸಿದವು. ಇನ್ನು ಪ್ರತಿ ಗಾಡಿಯ ಕೆಳಗೂ ಮಲಗಿ, ತಳದ ಕಬ್ಬಿಣದ ತೊಲೆಯನ್ನೇ ಹುಡುಕಿ ಕೊಕ್ಕೆ ಹಾಕಬೇಕು. ಅದೂ ಬೇಗ.

ಹನ್ನೊಂದು ಗಾಡಿ ಹೇಗೋ ಮುಗಿದವು. ಮಲಗುವುದು, ಕೊಕ್ಕೆ ಹಾಕುವುದು, ಹಿಡಿಯನ್ನು ಕಟಕಟ ಎಂದು ಬಿಗಿಯುವುದು, ಗೀಟು ಎಳೆಯುವುದು, ಟಾಪು ತಟ್ಟುವುದು. ಗಾಡಿ ಕಿರುಚುವುದು, ಪರದೆಯ ಮೇಲೆ ಗೆರೆ ಏರುವುದು, ಜನ ಕೂಗುವುದು. ಮತ್ತೆ ಬಿಚ್ಚುವುದು. ಗೀಟು ಒರೆಸಲೂ ಪುರುಸೊತ್ತಿಲ್ಲದೆ ಹಳೆಯ ಗೀಟಿನ ಪಕ್ಕದಲ್ಲೇ ಹೊಸದು ಬೀಳುತ್ತಿತ್ತು. ಅದರ ಮೇಲೆ ಜನರ ಚಪ್ಪಲಿ, ಚಕ್ರದ ಗುರುತು. ಮಧ್ಯಾಹ್ನದ ಹೊತ್ತಿಗೆ ರೋಲರಿನ ಸುತ್ತಲಿನ ನೆಲ ಮಕ್ಕಳು ಗೀಚಿದ ಸ್ಲೇಟಿನ ಹಾಗಿತ್ತು. ಓನರ್ ಎರಡು ಸಲ ಬಂದು ಗಡಿಯಾರ ತೋರಿಸಿ ಹೋದ.

ಹನ್ನೆರಡನೆಯದು ಬಟ್ಟೆ ಅಂಗಡಿಯವರ ನೀಲಿ ಗಾಡಿ. ಇಂಜಿನ್ನಿಗೆ ದುಂದು ಮಾಡಿ ಟರ್ಬೊ ಕೂರಿಸಿದ್ದರು. ಇಡೀ ದಿನದ ಜೋರು ಗಾಡಿ ಇದೇ ಎಂದು ಎಲ್ಲರೂ ನೆಲದ ಮೇಲಿನ ದಾಟಬಾರದ ಹಳದಿ ಗೆರೆಯ ಹಿಂದೆ ಒತ್ತೊತ್ತಾಗಿ ನಿಂತು ಫೋನು ಎತ್ತಿ ಹಿಡಿದಿದ್ದರು. ಬಿಗಿಯಣ್ಣ ಟಾಪಿನ ಮೇಲೆ ಎರಡು ಸಲ ತಟ್ಟಿದ. ಮಗಳು ಕಿವಿಗೆ ಸದ್ದು ತಡೆಯುವ ಮಫ್ ಏರಿಸಿ ಗೇರ್ ಹಾಕಿದಳು. ಅವನು ಗೋಡೆಯ ಪಕ್ಕ ತನ್ನ ಜಾಗಕ್ಕೆ ಹೋಗಿ ನಿಂತ.

ಒಂದನೇ ಗೇರ್, ಎರಡು, ಮೂರು. ನಾಲ್ಕಕ್ಕೆ ಬಂದು ಅವಳು ಕಾಲು ಪೂರ್ತಿ ಒತ್ತಿದಳು. ಸದ್ದಿಗೆ ಶೆಡ್ಡಿನ ತಗಡು ನಡುಗಿತು. ಬಿಗಿಯಣ್ಣ ಬೆಲ್ಟು ನೋಡಿದ. ಹಿಂದಿನ ಎರಡೂ ತಂತಿಯ ಹಾಗೆ ಬಿಗಿದು ಬಂಪರಿನ ಅಡಿಗೆ ಹೋಗಿದ್ದವು. ಅವು ಮಾಯವಾಗುವ ಜಾಗದಲ್ಲೇ ಕೆಂಪು ಕೊಂಡಿ.

ಬೆಲ್ಟಿನ ಕೊಕ್ಕೆ ಎಲ್ಲಿದೆ? ಕೊಂಡಿಯಲ್ಲೋ, ತೊಲೆಯಲ್ಲೋ?

ಕೆಳಗೆ ಮಲಗಿದ್ದೆನೇ? ನೆನಪು ಮಾಡಿಕೊಂಡ. ಹನ್ನೊಂದನೆಯ ಗಾಡಿಯ ತಳ ಕಣ್ಣಿಗೆ ಬಂತು, ತುಕ್ಕು ಹಿಡಿದದ್ದು. ಹತ್ತನೆಯದೂ ಬಂತು. ನೀಲಿ ಗಾಡಿಯದು ಬರಲಿಲ್ಲ. ಗೀಟು ನೋಡಿದ. ಎಷ್ಟು ಗೀಟು! ಯಾವುದು ಯಾರದ್ದು? ಈ ಗಾಡಿಯ ಕೆಳಗೆ ತಾನು ಹೋಗಿಯೇ ಇಲ್ಲ. ಓನರ್ ಗಡಿಯಾರ ತೋರಿಸಿದ, ಕೆಂಪು ಕೊಂಡಿ ಕೈಗೆ ಸಿಕ್ಕಿತು, ಹಾಕಿ ಬಿಗಿದುಬಿಟ್ಟೆ. ಹಾಗೇ ಆಗಿರಬೇಕು. ಇನ್ನು ಹೇಗೆ ಆಗಿರಲು ಸಾಧ್ಯ?

"ನಿಲ್ಸು!" ಎಂದು ಕೂಗಿದ. ತನ್ನ ಕೂಗು ತನಗೇ ಕೇಳಿಸಲಿಲ್ಲ. ಕೈ ಬೀಸಿದ. ಮಗಳ ಕಣ್ಣು ಕಿಟಕಿಯ ಪಕ್ಕದ ಸಣ್ಣ ಪರದೆಯ ಮೇಲಿತ್ತು. ಅವಳು ಈಗ ನೋಡುವುದು ಒಂದೋ ಆ ಪರದೆ, ಇಲ್ಲವೇ ಎದುರಿನ ಗಾಜು. ಬಿಗಿಯಣ್ಣ ಹಳದಿ ಗೆರೆ ದಾಟಿ ಓಡಿದ. ಫ್ಯಾನಿಗೂ ಬಾನೆಟ್ಟಿಗೂ ನಡುವೆ ಎರಡು ಹೆಜ್ಜೆಯ ಜಾಗವಿದೆ. ಬೆಲ್ಟು ಬಿಟ್ಟುಕೊಂಡರೆ ಗಾಡಿ ಮೊದಲು ಬರುವುದು ಅಲ್ಲಿಗೇ. ಅಲ್ಲಿ ನಿಲ್ಲಬಾರದು ಎಂದು ಹನ್ನೊಂದು ವರ್ಷದಿಂದ ಎಲ್ಲರಿಗೂ ಬೈದು ಹೇಳಿದವನು ತಾನೇ ಹೋಗಿ ಅಲ್ಲಿ ನಿಂತು, ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಾಕಿದ.

ಗಾಜಿನಾಚೆ ಮಗಳ ಮುಖ ಬಿಳುಚಿಕೊಂಡದ್ದು ಕಂಡಿತು. ಅವಳು ಕಾಲು ತೆಗೆದಳು. ಆದರೆ ಅಷ್ಟಕ್ಕೆ ಮುಗಿಯುವುದಿಲ್ಲ. ರೋಲರಿನ ಮೇಲೆ ಬ್ರೇಕ್ ಒತ್ತುವ ಹಾಗಿಲ್ಲ, ಅಷ್ಟು ಭಾರದ ಉಕ್ಕು ತಾನಾಗಿ ನಿಧಾನಕ್ಕೆ ನಿಲ್ಲಬೇಕು. ಅವಳು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಿಂದ ಆಚೆ ಹೋಗು, ಆಚೆ ಹೋಗು ಎಂದು ತೋರಿಸುತ್ತಲೇ ಇದ್ದಳು. ಅವಳ ಬಾಯಿ ಕೂಗುತ್ತಿತ್ತು. ಬಿಗಿಯಣ್ಣನ ಕಾಲು ಕೀಳಲಿಲ್ಲ. ಹೋಗಬಾರದು ಎಂದಲ್ಲ, ಕಾಲೇ ಬರಲಿಲ್ಲ. ನೂರ ಎಂಬತ್ತು, ನೂರ ಐವತ್ತು, ನೂರು. ಇಷ್ಟು ಉದ್ದದ ಅರ್ಧ ನಿಮಿಷವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಲವತ್ತು. ಹತ್ತು. ರೋಲರ್ ನಿಂತಿತು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಟ್ಟೆ ಅಂಗಡಿಯವರು "ಏನಾಯ್ತು ನನ್ನ ಇಂಜಿನ್ನಿಗೆ?" ಎಂದು ಓಡಿಬಂದರು. ಬಿಗಿಯಣ್ಣ ಗಾಡಿಯ ಹಿಂದೆ ಹೋಗಿ ಅಂಗಾತ ಮಲಗಿ ಕೆಳಗೆ ಜಾರಿದ. ಕೈಯಿಂದ ತಡವಿದ. ಎಡಗಡೆಯ ಕೊಕ್ಕೆ, ಕಬ್ಬಿಣದ ತೊಲೆಯಲ್ಲಿ. ಬಲಗಡೆಯದು, ಕಬ್ಬಿಣದ ತೊಲೆಯಲ್ಲಿ. ಕೆಂಪು ಕೊಂಡಿಯ ತಂಟೆಗೇ ಯಾರೂ ಹೋಗಿರಲಿಲ್ಲ. ನಾಲ್ಕೂ ಬೆಲ್ಟು ಕಲ್ಲಿನಂತಿದ್ದವು.

ಹೊರಗೆ ಬಂದು ಕೂತ. ಓನರಿನ ಮುಖ ಕೆಂಪಗಾಗಿತ್ತು.

"ಏನ್ರೀ ಇದು ಬಿಗಿಯಣ್ಣ? ಗಾಡಿ ಮುಂದೆ ನಿಂತ್ಕೊಳ್ಳೋದಾ? ಪ್ರಾಣ ಹೋಗಿದ್ರೆ?"

"ಬೆಲ್ಟು ಸರಿಯಾಗಿದೆ ಸಾರ್. ನಾನು ಕೆಳಗೆ ನೋಡದೆ ಕಟ್ಟಿದೆ ಅಂತ ಅನ್ನಿಸ್ತು. ನಮ್ಮ ಪುಣ್ಯ, ಕೈ ತಾನಾಗೇ ಸರಿ ಜಾಗಕ್ಕೆ ಹೋಗಿದೆ."

"ಅನ್ನಿಸ್ತಂತೆ!" ಓನರ್ ಬೆರಗಾಗಿ ಸುತ್ತ ನೋಡಿದ. ಡಾಕ್ಟರು ಮೆಲ್ಲಗೆ, "ಹೋಗ್ಲಿ ಬಿಡಿ, ಜಾಸ್ತಿ ಎಚ್ಚರ ಒಳ್ಳೇದೇ. ಬಿಗಿಯಣ್ಣ ಅಂದ್ಮೇಲೆ ಇಷ್ಟೂ ಇರ್ಬೇಡ್ವಾ?" ಎಂದರು. ಯಾರೋ ನಕ್ಕರು. ಎಲ್ಲರಿಗೂ ಅದು ಹಳೆಯ ಬಿಗಿಯಣ್ಣನ ಹಳೆಯ ಹುಚ್ಚಾಗಿ ಕಂಡಿತು. ಆ ನಗುವಿನ ಮರೆಯಲ್ಲಿ ಅವನು ಇನ್ನೊಮ್ಮೆ ಪಾರಾಗಬಹುದಿತ್ತು. ನಿಜ ಹೇಳಬೇಕೆಂದರೆ, ಅವನಿಗೆ ಒಂದು ಗಳಿಗೆ ಹಾಯೆನಿಸಿತು ಕೂಡ.

ಮಗಳು ಗಾಡಿಯಿಂದಿಳಿದು ಅವನ ಮೊಣಕೈ ಹಿಡಿದು ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ನಲ್ಲಿ ತಿರುಗಿಸಿದಳು, ಮುಖ ತೊಳೆಯಲಿಲ್ಲ, ನಿಲ್ಲಿಸಿದಳು.

"ಅಪ್ಪ, ನೀನು ಕೆಳಗೆ ಹೋಗಿದ್ದೆ."

"ಇಲ್ಲಮ್ಮ. ಅದೇ ಹೇಳ್ತಿರೋದು, ಹೋಗದೇನೇ..."

"ಹೋಗಿದ್ದೆ. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದೆ. ಬೆಳಕು ಮೂತಿಗೆ ಬಿಡ್ತೀಯಲ್ಲೇ, ಕೊಕ್ಕೆಗೆ ಬಿಡು ಅಂತ ನೀನೇ ಬೈದೆ. ಕಾಲು ಗಂಟೆನೂ ಆಗಿಲ್ಲ."

ಬಿಗಿಯಣ್ಣ ನೆನಪಿನಲ್ಲಿ ಹುಡುಕಿದ. ಟಾರ್ಚು, ಬೆಳಕು, ಬೈಗುಳ. ಬೈದದ್ದು ತನ್ನ ಮಾತಿನಂತೆಯೇ ಇದೆ, ಸುಳ್ಳಲ್ಲ. ಆದರೆ ಎಲ್ಲೂ ಇಲ್ಲ. ಅಷ್ಟು ಹೊತ್ತು ಗಾಡಿಯ ಮುಂದೆ ನಿಂತಾಗಲೂ ಆಗದಷ್ಟು ಹೆದರಿಕೆ ಈಗ ಆಯಿತು. ಕಟ್ಟುವುದು ಮರೆತಿದ್ದರೆ ಸರಿ, ಮನುಷ್ಯ ಮರೆಯುತ್ತಾನೆ. ಕಟ್ಟಿದ್ದು, ನೋಡಿದ್ದು, ಮಗಳ ಮುಖ ಅಷ್ಟು ಹತ್ತಿರದಿಂದ ಕಂಡಿದ್ದು, ಅದೇ ಹೋಗಿಬಿಟ್ಟರೆ?

"ಎಷ್ಟು ದಿನದಿಂದ ಅಪ್ಪ?" ಎಂದಳು.

ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ.

"ಎಂಟು ತಿಂಗಳು. ಎಂಟು ತಿಂಗಳಿಂದ ನಿನ್ನನ್ನ ಒಳಗೆ ಕೂರಿಸ್ಕೊಂಡು... ನಾನು ಬಾಯಿ ಬಿಡ್ಲಿಲ್ಲ ಮಗಳೇ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು.

"ಅಲ್ಲ, ನೀನ್ಯಾಕೆ ಟಾರ್ಚ್ ಹಿಡಿದೆ? ಸೀಟಲ್ಲಿರೋರು ಬೆಲ್ಟ್ ಹತ್ರ ಬರೋ ಹಾಗಿಲ್ಲ."

ಅವಳು ನಲ್ಲಿಯ ಕಡೆ ನೋಡುತ್ತಾ ನಿಂತಳು. "ಮೂರು ತಿಂಗಳಿಂದ ಆಗಾಗ ಓನರ್ ಕಣ್ಣು ತಪ್ಪಿಸಿ ಬರ್ತಿದೀನಿ, ಅದೂ ನಿನಗೆ ನೆನಪಿಲ್ಲ. ಮನೇಲಿ ಒಂದೇ ವಿಷಯ ಎರಡೆರಡು ಸಲ ಹೇಳೋಕೆ ಶುರು ಮಾಡಿದ್ಯಲ್ಲ, ಆಗಿಂದ. ಅಮ್ಮಂಗೆ ಹೇಳಿಲ್ಲ."

"ಗೊತ್ತಿದ್ದೂ ಹೋಗಿ ಕೂರ್ತಿದ್ಯಾ?"

"ನೀನು ಕಟ್ಟಿದ್ದಲ್ವಾ" ಎಂದಳು.

ಬಿಗಿಯಣ್ಣ ನಲ್ಲಿಯ ಕಟ್ಟೆ ಹಿಡಿದುಕೊಂಡ. ಅವನಿಗೆ ಅಳು ಬಂತು, ಅತ್ತ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿಗೆ ಗಾಡಿಯ ತಳದ ಎಣ್ಣೆ ಮೆತ್ತಿತ್ತು, ಅವಳ ಅಂಗೈಗೂ ಹತ್ತಿತು. ಒಳಗಿಂದ ಓನರಿನ ಕೂಗು ಕೇಳುತ್ತಿತ್ತು: ನೀಲಿ ಗಾಡಿಯನ್ನು ಇನ್ನೊಮ್ಮೆ ಓಡಿಸಬೇಕಂತೆ, ಹೊತ್ತಾಗುತ್ತಿದೆಯಂತೆ.

"ಇವತ್ತೊಂದು ದಿನ ಮುಗಿಸೋಣ ಅಪ್ಪ. ಇನ್ನು ಏಳೇ ಗಾಡಿ. ನಾನು ಪ್ರತಿಯೊಂದನ್ನೂ ಹಿಂದಿಂದ ನೋಡ್ತೀನಿ. ನಾಳೆ ಹೇಳಿದ್ರಾಯ್ತು."

ಅವಳು ಹೇಳಿದ್ದು ನಡೆಯುವ ಮಾತೇ. ನಾಳೆ ಎಂಬುದನ್ನು ಎಂಟು ತಿಂಗಳು ಅವನೂ ಹೀಗೇ ನಡೆಸಿದ್ದ. ಬಿಗಿಯಣ್ಣ ಮುಖ ತೊಳೆದ, ಅಂಗಿಯ ತೋಳಿನಲ್ಲಿ ಒರೆಸಿಕೊಂಡ, ಶೆಡ್ಡಿನೊಳಕ್ಕೆ ನಡೆದ. ಜನ ದಾರಿ ಬಿಟ್ಟರು. ಓನರ್ ಬೆಲ್ಟಿನ ಹಿಡಿಯನ್ನು ಅವನ ಕಡೆ ಚಾಚಿ, "ಹೂಂ, ಬಿಗೀರಿ" ಎಂದ.

ಬಿಗಿಯಣ್ಣ ಕೈ ಚಾಚಲಿಲ್ಲ.

"ನನ್ನ ಕೈಲಿ ಕಟ್ಟಿಸ್ಬೇಡಿ ಸಾರ್. ನನಗೆ ಮರೆವು. ಕಟ್ಟಿದ್ದು ನೆನಪಿರಲ್ಲ, ನೋಡಿದ್ದೂ ನೆನಪಿರಲ್ಲ." ಹಳದಿ ಗೆರೆಯ ಹಿಂದೆ ನಿಂತವರಿಗೆಲ್ಲ ಕೇಳುವಂತೆಯೇ ಹೇಳಿದ. "ಬೇರೆ ಯಾರನ್ನಾದ್ರೂ ಕರೀರಿ. ಒಳಗೆ ಕೂರೋದು ನನ್ನ ಮಗಳು."